ಮರ ಕಡಿಸಿದ ಮೇಲೆ ಟ್ರೈಲರ್ ಕರೆಸುವ ಮುನ್ನ

ಸಹೋದರಿಯರೇ, ಕೊಟ್ಟಿಗೆಯ ಮೇಲೆ ವಾಲಿರುವ ಮರವನ್ನು ಮಳೆಗಾಲಕ್ಕೆ ಮೊದಲೇ ಕಡಿಸಬೇಕೆಂದು ನಾವೆಲ್ಲ ಅಂದುಕೊಳ್ಳುತ್ತೇವೆ. ಒಂದು ದಿನ ಕಡಿಯುವವರು ಬರುತ್ತಾರೆ, ಯಂತ್ರದ ಗರಗಸ ಹಿಡಿದು ಅರ್ಧ ದಿನದಲ್ಲಿ ಮರ ಉರುಳಿಸಿ ಕೂಲಿ ಎಣಿಸಿಕೊಂಡು ಹೋಗುತ್ತಾರೆ. ಅಂಗಳದ ತುಂಬ ಬಿದ್ದಿರುವ ಕೊಂಬೆ, ಸೊಪ್ಪು, ಬೊಡ್ಡೆ, ಮರದ ಹೊಟ್ಟು ಮಾತ್ರ ನಮ್ಮ ಪಾಲಿಗೆ. ಇನ್ನು ಬಾಡಿಗೆ ಟ್ರ್ಯಾಕ್ಟರ್ ಬಂದು ಒಯ್ದರೆ ಸಾಕು ಎನ್ನಿಸುತ್ತದೆ. ಅದು ಬರುವ ಮೊದಲಿನ ಒಂದೆರಡು ದಿನ ಆ ರಾಶಿ ನಿಮ್ಮ ಹಸುಗಳ ಪಕ್ಕದಲ್ಲೇ ಇರುತ್ತದೆ. ತೊಂದರೆ ಆಗುವುದು ಆ ಹೊತ್ತಿನಲ್ಲಿ.

ನನ್ನ ತವರುಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಬೇಲಿಸಾಲಿನ ಹಳೆಯ ಹಾಲವಾಣದ ಮರವನ್ನು ಕಡಿಸಿದೆವು. ಹಾಲವಾಣದ ಸೊಪ್ಪು ಒಳ್ಳೆಯ ಮೇವು, ಅಮ್ಮ ದಿನಾ ಹಾಕುತ್ತಿದ್ದದ್ದೇ. ಆದ್ದರಿಂದ ರಾಶಿಯ ಪಕ್ಕದಲ್ಲೇ ತುಂಬುಗಬ್ಬದ ಹಸುವನ್ನು ಕಟ್ಟಿದ್ದರು. ಆ ಮರಕ್ಕೆ ಎಷ್ಟೋ ವರ್ಷದ ಹಿಂದೆ ಬೇಲಿ ತಂತಿ ಹೊಡೆದಿತ್ತು, ತೊಗಟೆ ಅದನ್ನು ನುಂಗಿ ಮುಚ್ಚಿಕೊಂಡಿತ್ತು. ಗರಗಸ ಮರದ ಜೊತೆಗೆ ತಂತಿಯನ್ನೂ ತುಂಡರಿಸಿತ್ತು. ನಮಗೆ ಯಾರಿಗೂ ಅದು ಕಾಣಲಿಲ್ಲ. ಸ್ವಲ್ಪ ದಿನಕ್ಕೆ ಹಸು ಮೇವು ಬಿಟ್ಟಿತು, ಬೆನ್ನು ಬಾಗಿಸಿ ನಿಲ್ಲತೊಡಗಿತು, ಮಲಗಲು ಹೆದರುತ್ತಿತ್ತು. ಕರು ಹಾಕಿದ ಮೇಲೆ ಇನ್ನೂ ಕೆಟ್ಟಿತು. ವೈದ್ಯರು ಬಂದಾಗ ಎದೆಯ ಕೆಳಗೆ ನೀರು ತುಂಬಿತ್ತು. ಕರು ಉಳಿಯಿತು, ಹಸು ಉಳಿಯಲಿಲ್ಲ.

ಹೀಗೇಕಾಗುತ್ತದೆ ಎಂದರೆ, ಹಸು ನಮ್ಮ ಹಾಗೆ ಅಗಿದು ನೋಡಿ ನುಂಗುವುದಿಲ್ಲ. ನಾಲಿಗೆಯಿಂದ ಬಾಚಿ ನುಂಗಿ, ಆಮೇಲೆ ಮೆಲುಕು ಹಾಕುತ್ತದೆ. ಸೊಪ್ಪಿನ ಜೊತೆ ಹೋದ ತಂತಿ, ಮೊಳೆ ಭಾರಕ್ಕೆ ಜೇನುಗೂಡಿನಂಥ ಎರಡನೇ ಹೊಟ್ಟೆಗೆ ಇಳಿದು ಅಲ್ಲೇ ನಿಲ್ಲುತ್ತದೆ. ಅದರ ಮುಂದೆಯೇ ವಪೆ, ವಪೆಯ ಆಚೆ ಹೃದಯ. ಹೊಟ್ಟೆ ಹಿಚುಕಿಕೊಂಡಾಗಲೆಲ್ಲ ತಂತಿ ಮುಂದೆ ಚುಚ್ಚುತ್ತದೆ. ಗಬ್ಬದ ಕೊನೆಯ ದಿನಗಳಲ್ಲಿ ಕರುವಿನ ಒತ್ತಡ, ಕರು ಹಾಕುವಾಗಿನ ತಿಣುಕು ಅದನ್ನು ಇನ್ನಷ್ಟು ಮುಂದೆ ತಳ್ಳುತ್ತವೆ. ಹಾಲು ಒಮ್ಮೆಲೇ ಇಳಿದು, ಮೇವು ಬಿಟ್ಟು, ಮೊಣಕೈ ಹೊರಚಾಚಿ ನಿಂತು, ಇಳಿಜಾರಿನಲ್ಲಿ ನಡೆಯುವಾಗ ನರಳಿದರೆ ಅಜೀರ್ಣವೆಂದು ಮನೆಮದ್ದು ಮಾಡುತ್ತ ಕೂರಬೇಡಿ. ಆ ದಿನವೇ ಪಶುವೈದ್ಯರನ್ನು ಕರೆಸಿ, ಮರ ಕಡಿಸಿದ ಸಂಗತಿಯನ್ನೂ ಹೇಳಿ. ಆರಂಭದಲ್ಲಿ ಸಿಕ್ಕರೆ ಬಾಯಿಯ ಮೂಲಕ ಅಯಸ್ಕಾಂತ ಕೊಟ್ಟೋ, ಶಸ್ತ್ರಚಿಕಿತ್ಸೆ ಮಾಡಿಯೋ ಉಳಿಸಬಹುದು.

ಹಾಗಾಗಿ ಮರ ಕಡಿಯುವ ದಿನ ಹಸುಗಳನ್ನು ದೂರ ಕಟ್ಟಿ. ಗರಗಸದ ಸದ್ದಿಗೆ ಹೆದರಿದ ಹಸು ಹಾಲು ಇಳಿಸುವುದೂ ಇಲ್ಲ. ಬೆಳಗಿನ ಹಾಲು ಕರೆದು ಡೇರಿಗೆ ಹಾಕಿ ಬಂದ ಮೇಲೆ ಕೆಲಸ ಶುರುಮಾಡಿಸಿ, ಸಂಜೆ ಕರೆಯುವ ಹೊತ್ತಿಗೆ ಮುಗಿಸಿಕೊಳ್ಳಿ. ವಿದ್ಯುತ್ ತಂತಿ ಹತ್ತಿರವಿದ್ದರೆ ಲೈನ್‌ಮನ್‌ಗೆ ಹೇಳಿ ಕರೆಂಟ್ ತೆಗೆಸದೆ ಕೊಡಲಿ ಎತ್ತಿಸಬೇಡಿ. ಅನುಮತಿಯ ವಿಚಾರವೂ ಇದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ತೆಂಗು, ಸಿಲ್ವರ್ ಓಕ್, ನೀಲಗಿರಿ, ಸರ್ವೆ, ಸುಬಾಬುಲ್, ಗ್ಲಿರಿಸಿಡಿಯಾ, ಹಾಲವಾಣಗಳಿಗೆ ವಿನಾಯಿತಿ ಇದೆ. ಹೊನ್ನೆ, ತೇಗ, ಬೀಟೆಯಂಥ ಮರವಾದರೆ ಸ್ವಂತ ಜಮೀನಿನದಾದರೂ ಅರಣ್ಯ ಇಲಾಖೆಯನ್ನು ಮೊದಲು ಕೇಳಿ.

ಈಗ ರಾಶಿಗೆ ಬರೋಣ. ಎಲ್ಲವನ್ನೂ ಟ್ರೈಲರ್‌ಗೆ ತುಂಬಿ ಕಳಿಸುವುದು ಸುಲಭ, ಆದರೆ ದುಬಾರಿ. ಹತ್ತು ಅಡಿ ಉದ್ದ, ಆರು ಅಡಿ ಅಗಲ, ಎರಡು ಅಡಿ ಎತ್ತರದ ಟ್ರೈಲರ್ ಎಂದುಕೊಳ್ಳಿ, ಒಳಗೆ ಇರುವುದು 120 ಘನ ಅಡಿ ಜಾಗ. ಕವಲೊಡೆದ ಕೊಂಬೆಯನ್ನು ಇಡಿಯಾಗಿ ಎಸೆದರೆ ಅದರಲ್ಲಿ ಹೆಚ್ಚಿನ ಪಾಲು ಗಾಳಿಯೇ. ಗಾಳಿಗೆ ಬಾಡಿಗೆ ಯಾಕೆ ಕೊಡಬೇಕು? ಕವಲು ಸವರಿ, ಮೂರು ಅಡಿಗೆ ತುಂಡು ಮಾಡಿ, ಒಂದೇ ದಿಕ್ಕಿಗೆ ಜೋಡಿಸಿದರೆ ಮೂರು ಲೋಡಿನದ್ದು ಒಂದೂವರೆಗೆ ಇಳಿದರೂ ಆಶ್ಚರ್ಯವಿಲ್ಲ. ಸವರುವ ಕೆಲಸವನ್ನು ಕಡಿಯುವವರ ಕೂಲಿಯಲ್ಲೇ ಸೇರಿಸಿ ಮೊದಲೇ ಮಾತಾಡಿಕೊಳ್ಳಿ. ಮರ ಬಿದ್ದ ಮೇಲೆ ಹೇಳಿದರೆ ಅದಕ್ಕೆ ಬೇರೆ ರೇಟು.

ಸೊಪ್ಪು ಬೇರ್ಪಡಿಸುವಾಗ ಯಾವುದು ಮೇವು, ಯಾವುದು ಅಲ್ಲ ಎಂದು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಹಲಸು, ಅತ್ತಿ, ಬಸರಿ, ಹಾಲವಾಣ ಹಸುವಿಗೆ ಆಗುತ್ತವೆ. ಆದರೆ ಬುಡದ ಕಡೆಯ, ತಂತಿ ಹೊಡೆದಿದ್ದ ಭಾಗದ ಸೊಪ್ಪು ಬೇಡವೇ ಬೇಡ. ಗರಗಸದ ಎಣ್ಣೆ ಸಿಡಿದದ್ದೂ ಬೇಡ. ಸುಬಾಬುಲ್ ಒಮ್ಮೆಗೇ ರಾಶಿ ಸಿಕ್ಕಿತೆಂದು ಅದನ್ನೇ ಸುರಿಯಬೇಡಿ. ಅದರಲ್ಲಿ ಮಿಮೋಸಿನ್ ಎಂಬ ವಿಷಾಂಶವಿದೆ, ಹೆಚ್ಚಾದರೆ ಕೂದಲು ಉದುರಿ ಜೊಲ್ಲು ಸುರಿಯುತ್ತದೆ. ಹಸಿಮೇವಿನ ಮೂರನೇ ಒಂದು ಭಾಗ ಮೀರದಿರಲಿ. ಬೇಲಿಯಿಂದ ಬಂದ ರಾಶಿಯಲ್ಲಿ ಕಣಗಿಲೆ, ಲಂಟಾನ ಸೇರಿರುತ್ತವೆ. ಕಣಗಿಲೆ ಒಣಗಿದರೂ ವಿಷವೇ, ನಾಲ್ಕಾರು ಹಿಡಿ ಎಲೆ ಹೃದಯ ನಿಲ್ಲಿಸಲು ಸಾಕು. ಇವೆರಡು ಕಂಡರೆ ಮೊದಲು ಟ್ರೈಲರ್‌ಗೆ ಏರಿಸಿ.

ಮರದ ಹೊಟ್ಟು ನೋಡಿದರೆ ಹಸುವಿನ ಕೆಳಗೆ ಹಾಸೋಣ ಎನ್ನಿಸುತ್ತದೆ. ಹಸಿ ಹೊಟ್ಟಿನಲ್ಲಿ ಕೆಚ್ಚಲುಬಾವು ತರುವ ರೋಗಾಣುಗಳು ಚೆನ್ನಾಗಿ ಬೆಳೆಯುತ್ತವೆ. ಹಾಸಲೇಬೇಕೆಂದರೆ ಬಿಸಿಲಿನಲ್ಲಿ ಪೂರ್ತಿ ಒಣಗಿಸಿ, ಒದ್ದೆಯಾದಂತೆಲ್ಲ ತೆಗೆಯಿರಿ. ಇಲ್ಲವಾದರೆ ಗೊಬ್ಬರದ ಗುಂಡಿಗೆ ಸಗಣಿಯ ಜೊತೆ ಪದರಪದರವಾಗಿ ಹಾಕಿ.

ತೆಂಗಿನ ಮರದ್ದು ಬೇರೆ ಕಥೆ. ಗರಿಯ ಉಪಯೋಗ ಗೊತ್ತಿದ್ದದ್ದೇ. ಬೊಡ್ಡೆಯನ್ನು ಮಾತ್ರ ಮೂಲೆಗೆ ತಳ್ಳಿ ಕೊಳೆಯಲು ಬಿಡಬೇಡಿ. ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿ ಮೊಟ್ಟೆ ಇಡುವುದು ಕೊಳೆತ ತೆಂಗಿನ ಬೊಡ್ಡೆಯಲ್ಲಿ ಮತ್ತು ತಿಪ್ಪೆಯಲ್ಲಿ. ಹೈನುಗಾರರ ಮನೆಯಲ್ಲಿ ಎರಡೂ ಪಕ್ಕಪಕ್ಕ ಇರುತ್ತವೆ! ಮೊದಲ ಲೋಡಿನಲ್ಲಿ ಬೊಡ್ಡೆ ಹೋಗಲಿ. ತಿಪ್ಪೆ ತೆಗೆಯುವಾಗ ಸಿಗುವ ದಪ್ಪ ಬಿಳಿ ಗೊಣ್ಣೆಹುಳುಗಳನ್ನು ಆರಿಸಿ ಕೋಳಿಗೆ ಹಾಕಿ.

ಬಾಡಿಗೆ ಮಾತಾಡುವಾಗ ದಿನದ ಲೆಕ್ಕಕ್ಕಿಂತ ಲೋಡಿನ ಲೆಕ್ಕ ಒಳ್ಳೆಯದು. ತುಂಬುವವರು ಯಾರು, ಇಳಿಸುವವರು ಯಾರು, ಎಲ್ಲಿ ಸುರಿಯುತ್ತಾರೆ ಎಂದು ಬಾಯಿಬಿಟ್ಟು ಕೇಳಿ. ರಸ್ತೆಬದಿಗೋ ಕೆರೆಯಂಗಳಕ್ಕೋ ಸುರಿದು ಬಂದರೆ ನಾಳೆ ಹೆಸರು ಬರುವುದು ನಿಮ್ಮದೇ. "ಅಕ್ಕಾ, ಸೌದೆ ನಮಗಿರಲಿ, ಬಾಡಿಗೆ ಬೇಡ" ಎನ್ನುವವರೂ ಇದ್ದಾರೆ. ಕೇಳಲು ಹಿತವಾಗಿರುತ್ತದೆ. ಒಪ್ಪುವ ಮೊದಲು ಸೌದೆ ಮಂಡಿಗೆ ಒಂದು ಫೋನ್ ಮಾಡಿ ಟನ್ನಿನ ದರ ಕೇಳಿ. ದಪ್ಪ ನೀಲಗಿರಿಯೋ ಸಿಲ್ವರ್ ಓಕೋ ಆದರೆ ಅದರ ಬೆಲೆ ಬಾಡಿಗೆಯನ್ನು ಎಷ್ಟೋ ಪಾಲು ಮೀರಬಹುದು.

ಟ್ರ್ಯಾಕ್ಟರ್ ಅಂಗಳಕ್ಕೆ ಬರುವ ದಾರಿಯನ್ನು ನೀವೇ ಮುಂದೆ ನಡೆದು ತೋರಿಸಿ. ಗೋಬರ್ ಗ್ಯಾಸ್ ಗುಂಡಿ, ಬಗ್ಗಡದ ತೊಟ್ಟಿ, ನೀರಿನ ಪೈಪು ಎಲ್ಲಿದೆಯೆಂದು ಚಾಲಕನಿಗೆ ಗೊತ್ತಿರುವುದಿಲ್ಲ, ಮಣ್ಣು ಮುಚ್ಚಿದ ಡೋಮ್ ಮೇಲೆ ಗಾಲಿ ಹತ್ತಿದರೆ ಕುಸಿಯುತ್ತದೆ. ಹಿಂದಕ್ಕೆ ತೆಗೆಯುವಾಗ ಮಕ್ಕಳೂ ಕರುಗಳೂ ಅಂಗಳದಲ್ಲಿ ಇರಕೂಡದು. ಲೋಡು ಬದಿಯ ಹಲಗೆಗಿಂತ ಮೇಲೆ ಹೋಗದಂತೆ ಹಗ್ಗ ಬಿಗಿಸಿ. ಇಳಿಸಲು ಸಹಾಯಕ್ಕೆಂದು ಲೋಡಿನ ಮೇಲೆ ಹತ್ತಿ ಕೂತು ಹೋಗುವ ಅಭ್ಯಾಸ ನಮ್ಮ ಹೆಂಗಸರಿಗೆ ಇದೆ, ಅದು ಬೇಡ.

ಟ್ರೈಲರ್ ಹೋದ ಮೇಲೆ ಅಂಗಳ ಗುಡಿಸಿ. ಆಮೇಲೆ ಹಳೆಯ ರೇಡಿಯೋದ ಸ್ಪೀಕರ್‌ನಿಂದ ತೆಗೆದ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ, ಮರ ಬಿದ್ದಿದ್ದ ಜಾಗದಲ್ಲೆಲ್ಲ ನಿಧಾನವಾಗಿ ಎಳೆದಾಡಿ. ಸಿಕ್ಕ ಚೂರುಗಳನ್ನು ಡಬ್ಬಿಗೆ ಹಾಕಿ. ಎರಡು ಸುತ್ತು ಎಳೆದರೂ ಏನೂ ಅಂಟದಿದ್ದಾಗ ಹಸುವನ್ನು ಅಲ್ಲಿಗೆ ತಂದು ಕಟ್ಟಿ.