ಅಶ್ವಗಂಧವೂ ಆಯಾಸವೂ

ಅಶ್ವಗಂಧವೆಂಬ ಗಿಡಕ್ಕಿರುವ ಎರಡು ಹೆಸರುಗಳು ಒಂದಕ್ಕೊಂದು ವಿರುದ್ಧವಾದ ಮಾತನ್ನು ಹೇಳುವಂತೆ ತೋರುತ್ತವೆ. ಸಂಸ್ಕೃತದ ಹೆಸರು ಅದರ ಹಸಿ ಬೇರಿಗೆ ಕುದುರೆಯ ಮೈವಾಸನೆ ಇರುವುದರಿಂದ ಬಂದುದು. ಅದನ್ನು ಸೇವಿಸಿದವನಿಗೆ ಕುದುರೆಯ ಬಲವೂ ಬರುವುದೆಂದು ಜನರು ಅರ್ಥವನ್ನು ಬೆಳೆಸಿಕೊಂಡಿದ್ದಾರೆ. ಸ್ವೀಡನ್ ದೇಶದ ಸಸ್ಯಶಾಸ್ತ್ರಜ್ಞನಾದ ಲಿನೇಯಸನು 1753ರಲ್ಲಿ ಇದೇ ಗಿಡಕ್ಕೆ ಲ್ಯಾಟಿನ್ ಹೆಸರನ್ನಿಡುವಾಗ ‘ಸೋಮ್ನಿಫೆರ’ ಎಂಬ ಪದವನ್ನು ಬಳಸಿದನು. ನಿದ್ರೆಯನ್ನು ತರುವುದು ಎಂದು ಅದರ ಅರ್ಥ. ಕುದುರೆಯ ಓಟವೆಲ್ಲಿ, ನಿದ್ರೆಯೆಲ್ಲಿ! ಆದರೂ ಈ ಎರಡು ಹೆಸರುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಮಾತ್ರ ಈ ಮೂಲಿಕೆಯ ಕೆಲಸವು ತಿಳಿಯುವುದೆಂದು ನನ್ನ ಅಭಿಪ್ರಾಯ.

ಈ ವಿಷಯವನ್ನು ಎತ್ತಿಕೊಳ್ಳಲು ಕಾರಣವುಂಟು. ನಮ್ಮ ವಿದ್ಯಾರ್ಥಿನಿಲಯದಲ್ಲಿ ಪೊಲೀಸ್ ಕೆಲಸದ ದೇಹದಾರ್ಢ್ಯ ಪರೀಕ್ಷೆಗೆ ಸಿದ್ಧರಾಗುತ್ತಿರುವವರು ಅನೇಕರಿದ್ದಾರೆ, ನಾನೂ ಅವರಲ್ಲೊಬ್ಬ. ಬೆಳಗಿನ ಐದು ಗಂಟೆಗೆ ಮೈದಾನದಲ್ಲಿ 1600 ಮೀಟರ್ ಓಟ, ಹಗಲು ತರಗತಿ, ಸಂಜೆ ಉದ್ದಜಿಗಿತ, ಗುಂಡೆಸೆತ, ರಾತ್ರಿ ಸಾಮಾನ್ಯ ಜ್ಞಾನದ ಪುಸ್ತಕ. ಇದರ ಮೇಲೆ ಪದವಿಯ ಕೊನೆಯ ವರ್ಷದ ಪರೀಕ್ಷೆ. ಈ ವರ್ಷ ನಮ್ಮ ಕೋಣೆಗಳ ಗೂಡುಗಳಲ್ಲಿ ಪುಸ್ತಕಗಳ ಪಕ್ಕಕ್ಕೆ ಅಶ್ವಗಂಧದ ಡಬ್ಬಿಗಳೂ ಬಂದು ಕುಳಿತಿವೆ. ವಿದ್ಯಾರ್ಥಿವೇತನ ಕೈಗೆ ಬಂದ ದಿನವೇ ಒಬ್ಬ ಗೆಳೆಯನು ಅದರಲ್ಲಿ ದೊಡ್ಡ ಪಾಲನ್ನು ಇದಕ್ಕೆ ಸುರಿದನು. ಹೀಗೆ ಹಣ ಸುರಿಯುವ ಮುನ್ನ ತಿಳಿಯಬೇಕಾದುದು ಏನೆಂದು ಗ್ರಂಥಾಲಯದಲ್ಲಿ ಹುಡುಕಿದಾಗ ದೊರೆತುದನ್ನು ಇಲ್ಲಿ ಬರೆದಿದ್ದೇನೆ.

ಗಿಡದ ವಿಷಯ ಬಹಳವಿಲ್ಲ. ಇದು ಬದನೆ, ಟೊಮೇಟೊ, ಆಲೂಗಡ್ಡೆಗಳ ಕುಟುಂಬಕ್ಕೆ ಸೇರಿದುದು. ಕನ್ನಡದಲ್ಲಿ ಹಿರೇಮದ್ದಿನ ಗಿಡವೆಂಬ ಹೆಸರೂ ಉಂಟು. ಕಾಗದದಂತಹ ತೆಳು ಹೊದಿಕೆಯೊಳಗೆ ಸಣ್ಣ ಕೆಂಪು ಹಣ್ಣು ಬಿಡುತ್ತದೆ. ಔಷಧಿಗೆ ಬೇಕಾದುದು ಬೇರು. ಒಣ ಹವೆಯಲ್ಲಿ ಚೆನ್ನಾಗಿ ಬರುವುದರಿಂದ ಮಧ್ಯಪ್ರದೇಶದ ನೀಮಚ್, ಮಂದಸೌರ್ ಕಡೆಗಳಲ್ಲಿ ಇದನ್ನು ಹೆಚ್ಚಾಗಿ ಬೆಳೆಯುತ್ತಾರೆ.

ಇಂತಹ ಮೂಲಿಕೆಗಳನ್ನು ಈಗ ‘ಅಡಾಪ್ಟೊಜೆನ್’ ಎಂದು ಕರೆಯುವುದು ವಾಡಿಕೆ. ಹೊಂದಿಕೊಳ್ಳಲು ನೆರವಾಗುವ ಪದಾರ್ಥವೆಂದು ಇದನ್ನು ತಿಳಿಯಬಹುದು. ಇದರ ಹಿಂದೆ ಒಂದು ಕಥೆಯಿದೆ. ವಿಯೆನ್ನದಲ್ಲಿ ಹುಟ್ಟಿ ಕೆನಡದ ಮಾಂಟ್ರಿಯಲ್ ನಗರದಲ್ಲಿ ಸಂಶೋಧನೆ ಮಾಡಿದ ಹ್ಯಾನ್ಸ್ ಸೆಲ್ಯೆ ಎಂಬ ವಿಜ್ಞಾನಿಯು 1936ರಲ್ಲಿ ಇಲಿಗಳ ಮೇಲಿನ ತನ್ನ ಪ್ರಯೋಗಗಳನ್ನು ಪ್ರಕಟಿಸಿದನು. ಇಲಿಯನ್ನು ಚಳಿಯಲ್ಲಿಟ್ಟರೂ, ಗಾಯಗೊಳಿಸಿದರೂ, ವಿಷ ಕೊಟ್ಟರೂ, ಅತಿಯಾಗಿ ದುಡಿಸಿದರೂ ಅದರ ದೇಹವು ಒಂದೇ ರೀತಿಯಲ್ಲಿ ಉತ್ತರ ಕೊಡುತ್ತಿತ್ತು. ಮೂತ್ರಪಿಂಡಗಳ ಮೇಲಿರುವ ಗ್ರಂಥಿಗಳು ಉಬ್ಬುತ್ತಿದ್ದವು; ಹೊಟ್ಟೆಯಲ್ಲಿ ಹುಣ್ಣಾಗುತ್ತಿತ್ತು. ಮೊದಲು ಗಾಬರಿ, ಆಮೇಲೆ ತಡೆದುಕೊಳ್ಳುವಿಕೆ, ಕೊನೆಗೆ ಸೋಲು ಎಂದು ಮೂರು ಹಂತಗಳನ್ನು ಅವನು ಗುರುತಿಸಿದನು. ಅತಿಯಾದ ದುಡಿಮೆಯೂ ವಿಷದ ಸಾಲಿನಲ್ಲಿಯೇ ಬಂದುದನ್ನು ವಾಚಕರು ಗಮನಿಸಬೇಕು. ನಾವು ಹೆಮ್ಮೆಪಡುವ ಕಠಿಣ ಅಭ್ಯಾಸವನ್ನು ದೇಹವು ಕೀರ್ತಿಯ ಕೆಲಸವೆಂದು ಬೇರೆಯಾಗಿ ಎಣಿಸುವುದಿಲ್ಲ.

ಈ ಎರಡನೆಯ ಹಂತವನ್ನು, ಎಂದರೆ ತಡೆದುಕೊಳ್ಳುವ ಕಾಲವನ್ನು, ಔಷಧಿಯಿಂದ ಬೆಳೆಸಬಹುದೇ ಎಂಬ ಪ್ರಶ್ನೆಯನ್ನು ಸೋವಿಯತ್ ವಿಜ್ಞಾನಿಗಳು ಕೈಗೆತ್ತಿಕೊಂಡರು. ‘ಅಡಾಪ್ಟೊಜೆನ್’ ಎಂಬ ಹೆಸರನ್ನು 1947ರಲ್ಲಿ ಕೊಟ್ಟವನು ನಿಕೊಲಾಯ್ ಲಾಜರೆವ್. ಅವನ ಬಳಿಕ ವ್ಲಾಡಿವಸ್ತೋಕ್ ನಗರದ ಬ್ರೆಖ್ಮನ್ ಎಂಬಾತನು ಆ ಕಡೆಯ ಕಾಡಿನ ಎಲ್ಯುಥೆರೊಕಾಕಸ್ ಎಂಬ ಪೊದೆಯ ಬೇರನ್ನು ವರ್ಷಗಟ್ಟಲೆ ಪರೀಕ್ಷಿಸಿದನು. 1969ರಲ್ಲಿ ಅವನೂ ದಾರ್ದಿಮೊವ್ ಎಂಬ ಜೊತೆಗಾರನೂ ಬರೆದ ಲೇಖನದ ಪ್ರಕಾರ, ಇಂತಹ ಮೂಲಿಕೆಯು ದೇಹಕ್ಕೆ ಹಾನಿಮಾಡಬಾರದು. ಯಾವುದೋ ಒಂದು ತೊಂದರೆಯನ್ನಲ್ಲದೆ ಬಗೆಬಗೆಯ ತೊಂದರೆಗಳನ್ನು ತಡೆಯುವ ಶಕ್ತಿ ಕೊಡಬೇಕು. ಏರಿದುದನ್ನು ಇಳಿಸಿ, ಇಳಿದುದನ್ನು ಏರಿಸಿ ಸಮಸ್ಥಿತಿಗೆ ತರಬೇಕು. ಕೇಳಲು ಇದು ಬಹಳ ಸೊಗಸು. ಆದರೆ ಇಷ್ಟು ಅಗಲವಾದ ಮಾತನ್ನು ಪ್ರಯೋಗಶಾಲೆಯಲ್ಲಿ ಸಾಧಿಸಿ ತೋರಿಸುವುದು ಸುಲಭವಲ್ಲ. ಇಂದಿಗೂ ಅನೇಕ ವೈದ್ಯರು ಈ ಪದವನ್ನು ಒಪ್ಪದಿರುವುದು ಅದಕ್ಕಾಗಿಯೇ.

ನಮ್ಮ ಆಯುರ್ವೇದದಲ್ಲಿ ಅಶ್ವಗಂಧದ ಸ್ಥಾನ ಬೇರೆ. ಚರಕಸಂಹಿತೆಯು ಔಷಧಿಗಳನ್ನು ಹತ್ತು ಹತ್ತರಂತೆ ಐವತ್ತು ಗುಂಪುಗಳಾಗಿ ವಿಂಗಡಿಸುವಾಗ ಇದನ್ನು ಬಲ ಕೊಡುವ ಗುಂಪಿನಲ್ಲಿಯೂ ಮೈ ತುಂಬಿಸುವ ಗುಂಪಿನಲ್ಲಿಯೂ ಹೇಳಿದೆ. ನನಗೆ ಇದಕ್ಕಿಂತ ಮುಖ್ಯವಾಗಿ ಕಂಡುದು ಅದೇ ಗ್ರಂಥದ ರಸಾಯನ ಪ್ರಕರಣ. ಅಲ್ಲಿ ಮೂಲಿಕೆಗಳ ವಿಚಾರ ಮುಗಿಯುತ್ತ ಬಂದಾಗ ನಡತೆಯ ರಸಾಯನವೆಂದು ಒಂದು ಭಾಗ ಬರುತ್ತದೆ. ಎಚ್ಚರವನ್ನೂ ನಿದ್ರೆಯನ್ನೂ ಸಮವಾಗಿಟ್ಟುಕೊಂಡವನು, ಅತಿಶ್ರಮವಿಲ್ಲದವನು, ನಿತ್ಯವೂ ಹಾಲು ತುಪ್ಪ ಉಣ್ಣುವವನು ರಸಾಯನದ ಫಲವನ್ನು ಪಡೆಯುತ್ತಾನೆಂದು ಅದರ ಅಭಿಪ್ರಾಯ. ವ್ಯಾಯಾಮದ ಬಗೆಗೂ ಸುಶ್ರುತ, ವಾಗ್ಭಟರು ಇಬ್ಬರೂ ಒಂದೇ ಮಾತಾಡಿದ್ದಾರೆ: ನಿನ್ನ ಶಕ್ತಿಯ ಅರ್ಧಕ್ಕೆ ನಿಲ್ಲಿಸು. ಉಸಿರು ಬಾಯಿಗೆ ಬಂದುದೇ ಆ ಅರ್ಧದ ಗುರುತೆಂದು ಸುಶ್ರುತನು ಹೇಳುತ್ತಾನೆ. ಓಟದಲ್ಲಿ ತೇರ್ಗಡೆಯಾಗಬೇಕಾದ ನಮಗೆ ಅರ್ಧಕ್ಕೆ ನಿಲ್ಲುವುದು ಆಗದ ಮಾತು. ಆದರೆ ಅಶ್ವಗಂಧವನ್ನು ಹೊಗಳಿದ ಶಾಸ್ತ್ರವೇ ಹೀಗೂ ಹೇಳಿದೆಯೆಂಬುದು ಡಬ್ಬಿಯ ಮೇಲೆ ಅಚ್ಚಾಗುವುದಿಲ್ಲ.

ಇನ್ನು ಈಚಿನ ಪರೀಕ್ಷೆಗಳ ವಿಷಯ. 2012ರಲ್ಲಿ ಪ್ರಕಟವಾದ ಒಂದು ಭಾರತೀಯ ಪರೀಕ್ಷೆಯಲ್ಲಿ ಮನಸ್ಸಿನ ಒತ್ತಡದಿಂದ ಬಳಲುತ್ತಿದ್ದ 64 ಜನರಲ್ಲಿ ಅರ್ಧ ಜನಕ್ಕೆ ಬೇರಿನ ಸಾರವನ್ನು ದಿನಕ್ಕೆರಡು ಸಲ 300 ಮಿಲಿಗ್ರಾಂನಂತೆ 60 ದಿನ ಕೊಟ್ಟರು. ಉಳಿದವರಿಗೆ ಕೊಟ್ಟುದು ಔಷಧಿಯಿಲ್ಲದ ಹುಸಿಗುಳಿಗೆ. ಒತ್ತಡದ ಕಾಲಕ್ಕೆ ರಕ್ತದಲ್ಲಿ ಏರುವ ಕಾರ್ಟಿಸಾಲ್ ಎಂಬ ರಸವು ಮೊದಲನೆಯವರಲ್ಲಿ ಶೇಕಡ 27.9ರಷ್ಟೂ, ಎರಡನೆಯವರಲ್ಲಿ ಶೇಕಡ 7.9ರಷ್ಟೂ ಇಳಿಯಿತು. 2015ರ ಇನ್ನೊಂದು ಪರೀಕ್ಷೆ ಭಾರ ಎತ್ತುವ ಅಭ್ಯಾಸಕ್ಕೆ ಸೇರಿದುದು. 57 ಮಂದಿ ಗಂಡಸರು ಎಂಟು ವಾರ ಅಭ್ಯಾಸ ಮಾಡಿದರು. ಬೆಂಚಿನ ಮೇಲೆ ಮಲಗಿ ಎತ್ತುವ ಭಾರವು ಅಶ್ವಗಂಧ ಸೇವಿಸಿದವರಲ್ಲಿ ಸರಾಸರಿ 46 ಕಿಲೋ ಹೆಚ್ಚಿತು, ಹುಸಿಗುಳಿಗೆಯವರಲ್ಲಿ 26.4 ಕಿಲೋ. ವ್ಯತ್ಯಾಸವು ನಿಜ. ಆದರೆ ಆ 46ರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಬರಿಯ ಅಭ್ಯಾಸವೇ ತಂದುಕೊಡುತ್ತದೆಂದೂ ಇದೇ ಲೆಕ್ಕ ಹೇಳುತ್ತದೆ. ಇವರೆಲ್ಲ ಭಾರ ಎತ್ತುವುದರಲ್ಲಿ ಹೊಸಬರು. ಪಳಗಿದವರಿಗೆ ಇಷ್ಟು ಲಾಭವನ್ನು ನಿರೀಕ್ಷಿಸಬಾರದು. ಇಂತಹ ಅನೇಕ ಪರೀಕ್ಷೆಗಳಿಗೆ ಮೂಲಿಕೆಯ ಸಾರವನ್ನು ಒದಗಿಸಿದವರು ಅದನ್ನು ಮಾರುವವರೇ ಎಂಬುದನ್ನೂ ಮರೆಯುವಂತಿಲ್ಲ.

ನಿದ್ರೆಯ ವಿಷಯದಲ್ಲಿ 2021ರಲ್ಲಿ ಐದು ಪರೀಕ್ಷೆಗಳನ್ನು, ಒಟ್ಟು 400 ಜನರ ಫಲಿತಾಂಶಗಳನ್ನು, ಕೂಡಿಸಿ ನೋಡಿದ್ದಾರೆ. ಪ್ರಯೋಜನ ಚಿಕ್ಕದು, ಆದರೆ ಇದೆ. ನಿದ್ರೆ ಬಾರದವರಲ್ಲಿ ಹೆಚ್ಚು. ಇಲ್ಲಿ ಲಿನೇಯಸನಿಟ್ಟ ಹೆಸರು ನೆನಪಾಗುತ್ತದೆ. ಓಡುವಾಗ ನಾವು ದೇಹವನ್ನು ಸವೆಸುತ್ತೇವೆ. ಸವೆದ ಸ್ನಾಯು ಕೂಡಿಕೊಳ್ಳುವುದೂ, ಬಲ ಬರುವುದೂ ಉಂಡು ಮಲಗಿದ ಮೇಲೆ. ಅಶ್ವಗಂಧವು ಚಹಾ ಕಾಫಿಗಳಂತೆ ದಣಿದ ಕುದುರೆಗೆ ಬೀಸುವ ಚಾಟಿಯಲ್ಲ. ಅದು ಬಲ ಕೊಡುವುದಾದರೆ, ಬಹುಶಃ ಮನಸ್ಸನ್ನು ತಣಿಸಿ ನಿದ್ರೆಗೆ ದಾರಿಮಾಡಿ ಕೊಡುತ್ತದೆ. ಮಲಗಲು ಸಮಯವೇ ಇಲ್ಲದವನಿಗೆ ಅದು ಏನು ಮಾಡೀತು?

ರಜೆಯಲ್ಲಿ ಊರಿಗೆ ಹೋದಾಗ ಈ ಕುದುರೆಯ ಬಲದ ಮಾತನ್ನು ನಮ್ಮ ಅವ್ವನಿಗೆ ಹೇಳಿದೆ. ಕಳೆ ಕೀಳುವ ಕೂಲಿಯಿಂದ ಬಂದು ಒಲೆಯ ಮುಂದೆ ಕುಳಿತಿದ್ದಳು. “ಕುದುರೆ ಬಲ ಬಂದ್ರೆ ಕುದುರೆಗೆ ಹುಲ್ಲು ಯಾರು ಹಾಕ್ತಾರೆ ಮಗಾ?” ಎಂದು ಕೇಳಿದಳು. ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ಚರಕನ ಹಾಲು ತುಪ್ಪದ ಮಾತಿಗೂ ಇದಕ್ಕೂ ನನಗೆ ವ್ಯತ್ಯಾಸ ಕಾಣಲಿಲ್ಲ. ನಮ್ಮ ಕೋಣೆಯ ಒಬ್ಬ ಗೆಳೆಯನು ರಾತ್ರಿ ಒಂದು ಗಂಟೆಯವರೆಗೆ ಪೆಟ್ರೋಲ್ ಬಂಕಿನಲ್ಲಿ ನಿಂತು, ಐದಕ್ಕೆ ಮೈದಾನಕ್ಕೆ ಬರುತ್ತಾನೆ. ಮನೆಗೆ ಹಣ ಕಳುಹಿಸಬೇಕಾದವನು. ಅವನ ಓಟದ ಕಾಲ ತಿಂಗಳಿಂದ ಇಳಿದಿಲ್ಲ. ಅವನಿಗೆ ಕೊರತೆಯಾಗಿರುವುದು ಮೂರು ಗಂಟೆಯ ನಿದ್ರೆ ಮತ್ತು ಒಂದು ಮೊಟ್ಟೆ. ಅವನು ಕೊಂಡಿರುವುದು ಒಂದು ಡಬ್ಬಿ. ಅವನನ್ನು ದಡ್ಡನೆನ್ನಲು ನನಗೆ ಮನಸ್ಸಿಲ್ಲ. ನಿದ್ರೆಯು ಅಂಗಡಿಯಲ್ಲಿ ಸಿಗುವುದಿಲ್ಲ, ಡಬ್ಬಿ ಸಿಗುತ್ತದೆ. ವಿದ್ಯಾರ್ಥಿವೇತನವು ಕಾಲಕ್ಕೆ ಸರಿಯಾಗಿ ಬಂದರೆ ಇಂತಹ ಹುಡುಗರ ಓಟ ಎಷ್ಟು ಸೆಕೆಂಡು ಚುರುಕಾದೀತೆಂದು ಯಾರಾದರೂ ಪರೀಕ್ಷೆ ಮಾಡಿದರೆ ಒಳ್ಳೆಯದಿತ್ತು.

ಆದರೂ ಕೊಳ್ಳುವವರು ಕೊಳ್ಳುತ್ತಾರೆ. ಅವರಿಗಾಗಿ ಕೆಲವು ಮಾತು. ಗ್ರಂಥಿಗೆ ಅಂಗಡಿಯ ಬೇರಿನ ಪುಡಿಗೂ ಗುಳಿಗೆಯ ಸಾರಕ್ಕೂ ಅಳತೆ ಒಂದೇ ಅಲ್ಲ. ಪುಡಿಯ ಪ್ರಮಾಣವನ್ನು ಭಾರತದ ಆಯುರ್ವೇದ ಔಷಧಕೋಶವು ದಿನಕ್ಕೆ 3ರಿಂದ 6 ಗ್ರಾಂ ಎಂದು ಹೇಳಿದೆ. ಸಾರವನ್ನು ಮಿಲಿಗ್ರಾಂನಲ್ಲಿ ಅಳೆಯುತ್ತಾರೆ. ಹಲವು ಪುಡಿಗಳನ್ನು ಬೆರೆಸಿ ‘ಶಕ್ತಿವರ್ಧಕ’ವೆಂದು ಮಾರುವುದನ್ನು ಕ್ರೀಡಾಪಟುಗಳು ಮುಟ್ಟದಿರುವುದು ಲೇಸು. ಅದರಲ್ಲಿ ನಿಷಿದ್ಧವಾದ ಮದ್ದು ಬೆರೆತಿದ್ದರೆ, ತಿಳಿಯದೆ ಸೇವಿಸಿದೆನೆಂದರೂ ಹೊಣೆ ಸೇವಿಸಿದವನದೇ. ಗರ್ಭಿಣಿಯರೂ, ಥೈರಾಯಿಡ್ ತೊಂದರೆಯುಳ್ಳವರೂ, ಪಿತ್ತಜನಕಾಂಗದ ಕಾಯಿಲೆಯವರೂ, ಸಕ್ಕರೆ ಕಾಯಿಲೆಗೋ ನಿದ್ರೆಗೋ ಗುಳಿಗೆ ನುಂಗುವವರೂ ವೈದ್ಯರನ್ನು ಕೇಳದೆ ಇದನ್ನು ತೆಗೆದುಕೊಳ್ಳಬಾರದು. ಮೂಲಿಕೆಯಾದುದರಿಂದ ಕೇಡಿಲ್ಲವೆಂಬ ನಂಬಿಕೆ ಸರಿಯಲ್ಲ. ಅಶ್ವಗಂಧ ಸೇವಿಸಿ ಪಿತ್ತಜನಕಾಂಗಕ್ಕೆ ಪೆಟ್ಟಾದ ಐಸ್‌ಲ್ಯಾಂಡ್ ಮತ್ತು ಅಮೆರಿಕದ ಐದು ಮಂದಿಯ ವಿವರ 2020ರಲ್ಲಿ ಪ್ರಕಟವಾಯಿತು. ಎರಡರಿಂದ ಹನ್ನೆರಡು ವಾರ ಸೇವಿಸಿದ ಮೇಲೆ ಅವರಿಗೆ ಕಾಮಾಲೆ ಕಾಣಿಸಿತು. ನಿಲ್ಲಿಸಿದ ಬಳಿಕ ಅವರಲ್ಲಿ ನಾಲ್ವರಿಗೆ ಕೆಲವು ತಿಂಗಳಲ್ಲಿ ಗುಣವಾಯಿತು. ಡೆನ್ಮಾರ್ಕ್ ದೇಶವು 2023ರಲ್ಲಿ ಇದರ ಮಾರಾಟವನ್ನೇ ನಿಷೇಧಿಸಿತು. ಇಂತಹ ಕೇಡು ಅಪರೂಪ. ಆದರೆ ಸೇವಿಸುತ್ತಿರುವಾಗ ಮೈ ತುರಿಕೆ, ಮೂತ್ರ ಕಪ್ಪಾಗುವುದು, ಕಣ್ಣು ಹಳದಿಯಾಗುವುದು ಕಂಡರೆ ಡಬ್ಬಿಯನ್ನು ಅಂದೇ ಮುಚ್ಚಿ, ಅದನ್ನೂ ಕೈಯಲ್ಲಿ ಹಿಡಿದುಕೊಂಡು ಸರ್ಕಾರಿ ಆಸ್ಪತ್ರೆಗೆ ಹೋಗಿ ತೋರಿಸಬೇಕು.