ಹನಿ ನಿಂತರೆ ಹುಳ ಸತ್ತಿಲ್ಲ

ಮುಂಬೈನ ವಡಾಲಾದ ಉಪ್ಪಿನಗದ್ದೆಗಳ ಅಂಚಿನಲ್ಲಿ ಕಲ್ಲು ಮಗುಚಿ ಹಿಡಿದ ನೆಲಜೀರುಂಡೆಗಳು ಎಷ್ಟು ಆಮ್ಲಜನಕ ಬಳಸುತ್ತವೆ ಎಂದು ಅಳೆಯುವುದು 2005ರಲ್ಲಿ ನನ್ನ ಎಂ.ಎಸ್ಸಿ. ಪ್ರಾಜೆಕ್ಟ್. ಇವು ಇರುಳು ಬೇಟೆಗಾರರು, ಕಾಲೇಜಿನ ಲ್ಯಾಬಿಗೋ ಸಂಜೆಯೇ ಬೀಗ. ರಾತ್ರಿ ತೆರೆದಿಡಲು ಕೇಳಿದರೆ ಮುಖ್ಯಸ್ಥರು, "ಹುಳಕ್ಕೆ ಹಗಲೇನು, ರಾತ್ರಿಯೇನು?" ಅಂದುಬಿಟ್ಟರು. ಹಾಗಾಗಿ ಆಂಟಾಪ್ ಹಿಲ್‌ನಲ್ಲಿ ಚಿಕ್ಕಪ್ಪನ ನೆಲಮಹಡಿಯ ಖೋಲಿಯೇ ನನ್ನ ಲ್ಯಾಬ್ ಆಯಿತು.

ಗಾಜಿನ ನಳಿಕೆಯಲ್ಲಿ ಜೀರುಂಡೆ, ಜಾಲರಿಯಾಚೆ ಸೋಡಾ ಲೈಮ್, ತುದಿಗೆ ಸಣ್ಣ ಕೊಳವೆಯಲ್ಲಿ ಬಣ್ಣದ ನೀರಿನ ಹನಿ. ಹುಳ ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಸೋಡಾ ಲೈಮ್ ಹೀರುತ್ತದೆ, ಬಳಕೆಯಾದ ಆಮ್ಲಜನಕದಷ್ಟು ಹನಿ ಒಳಕ್ಕೆ ಸರಿಯುತ್ತದೆ. ಒಂದು ಮಿಲಿಲೀಟರ್ ಆಮ್ಲಜನಕಕ್ಕೆ ಸುಮಾರು 20 ಜೂಲ್ ಶಕ್ತಿ ಎಂದು ಲೆಕ್ಕ.

ಓಡಾಡುವ ಹುಳವಿದ್ದರೆ ಹನಿ ಬಿಡದೆ ಸರಿಯುತ್ತಿತ್ತು. ಹುಳ ಸುಮ್ಮನೆ ಕೂತಾಗ ಹನಿ ನಿಮಿಷಗಟ್ಟಲೆ ಅಲ್ಲಾಡುತ್ತಲೇ ಇರಲಿಲ್ಲ. ಆಮೇಲೆ ಕೆಲವು ಸಲ ಒಂದಿಷ್ಟು ಹೊರಕ್ಕೆ ತಳ್ಳಿದಂತಾಗಿ ಒಳಕ್ಕೆ ಜಾರುತ್ತಿತ್ತು. "ನಳಿಕೆ ಸೋರುತ್ತಿದೆ, ಆ ಅಂಕಿಗಳನ್ನು ಕಿತ್ತುಹಾಕು" ಎಂದು ನನ್ನ ಮಾರ್ಗದರ್ಶಕರ ಅಪ್ಪಣೆ. ಸೋರಿದ್ದರೆ ಹುಳವಿಲ್ಲದ ನಳಿಕೆಯ ಹನಿಯೂ ಹಾಗೇ ಕುಣಿಯಬೇಕಿತ್ತಲ್ಲ? ಅದು ಕದಲಿರಲಿಲ್ಲ. ವಿಶ್ರಾಂತಿಯಲ್ಲಿರುವ ಅನೇಕ ಕೀಟಗಳು ಶ್ವಾಸರಂಧ್ರಗಳನ್ನು ಮುಚ್ಚಿ, ಒಳಗಿದ್ದ ಆಮ್ಲಜನಕದಲ್ಲೇ ಕಾಲ ಕಳೆದು, ಆಮೇಲೆ ತೆರೆದು ಇಂಗಾಲದ ಡೈಆಕ್ಸೈಡನ್ನು ಒಮ್ಮೆಲೇ ಹೊರಬಿಡುತ್ತವೆ. ಶ್ನೈಡರ್‌ಮನ್, ವಿಲಿಯಮ್ಸ್ ಎಂಬ ವಿಜ್ಞಾನಿಗಳು ಇದನ್ನು ಪತಂಗದ ಪ್ಯೂಪಾಗಳಲ್ಲಿ 1950ರ ದಶಕದಲ್ಲೇ ದಾಖಲಿಸಿದ್ದರು. ಅದೇ 2005ರಲ್ಲಿ ಹೆಟ್ಜ್ ಮತ್ತು ಬ್ರಾಡ್ಲಿ, ಅತಿಯಾದ ಆಮ್ಲಜನಕದಿಂದ ಅಂಗಾಂಶಕ್ಕಾಗುವ ಹಾನಿ ತಪ್ಪಿಸಲು ಹೀಗೆ ಮುಚ್ಚುತ್ತವೆ ಎಂದು ವಾದಿಸಿದ್ದರು. ನೀರು ಉಳಿಸಲು ಎನ್ನುವವರೂ ಇದ್ದಾರೆ. ನಮ್ಮ ಮಾರ್ಗದರ್ಶಕರು ಯಾವುದನ್ನೂ ಓದಲೊಪ್ಪಲಿಲ್ಲ.

ಜುಲೈ 26. ಮಧ್ಯಾಹ್ನ ಹಿಡಿದ ಮಳೆ ಬಿಡಲಿಲ್ಲ. ಸಾಂತಾಕ್ರೂಜ್‌ನಲ್ಲಿ ಇಪ್ಪತ್ತನಾಲ್ಕು ಗಂಟೆಯಲ್ಲಿ 944 ಮಿಲಿಮೀಟರ್ ಎಂದು ಆಮೇಲೆ ಗೊತ್ತಾಯಿತು. ನಮ್ಮ ಖೋಲಿಗೆ ನೀರು ಬಾಗಿಲಿನಿಂದಲ್ಲ, ಮೋರಿಯಿಂದ ಬಂತು. ಕಪ್ಪಗೆ, ಗುಳುಗುಳು ಸದ್ದು ಮಾಡುತ್ತಾ. ಕರೆಂಟ್ ಹೋಯಿತು. ಚಿಕ್ಕಮ್ಮ ಅಕ್ಕಿ ಡಬ್ಬಿ ತಬ್ಬಿಕೊಂಡು ಮಂಚ ಹತ್ತಿದಳು, ನಾನು ಗ್ಯಾಸ್ ಸಿಲಿಂಡರ್ ಎತ್ತಿಟ್ಟೆ, ತಂಗಿಯನ್ನು ಮೇಲಿನ ಮನೆಗೆ ದಾಟಿಸಿದೆ. ಮಾಟುಂಗಾದ ಹೋಟೆಲಿಗೆ ಹೋಗಿದ್ದ ಚಿಕ್ಕಪ್ಪನ ಸುದ್ದಿಯಿಲ್ಲ. ಕತ್ತಲಲ್ಲಿ ಮಂಚದಡಿಯಿಂದ ಪ್ಲಾಸ್ಟಿಕ್ ಡಬ್ಬಿಗಳು ಗೋಡೆಗೆ ತಾಗುವ ಟಕ್ ಟಕ್ ಸದ್ದು ಕೇಳುತ್ತಿತ್ತು. ನನ್ನ ಜೀರುಂಡೆಗಳು ಅವುಗಳಲ್ಲಿದ್ದವು, ಮುಚ್ಚಳಕ್ಕೆ ಗಾಳಿಗೆಂದು ತೂತು ಕೊರೆದಿತ್ತು. ಸ್ವಲ್ಪ ಹೊತ್ತಿಗೆ ಆ ಸದ್ದೂ ನಿಂತಿತು. ಕೈಯಾಡಿಸಿದೆ, ಸಿಗಲಿಲ್ಲ. ಇನ್ನೊಂದು ಸಲ ಇಳಿಯಲು ಹೊರಟಾಗ ಚಿಕ್ಕಮ್ಮ ಅಂಗಿ ಹಿಡಿದು ಎಳೆದಳು. ಆ ರಾತ್ರಿಯಷ್ಟು ಉದ್ದದ ರಾತ್ರಿಯನ್ನು ನಾನು ಮತ್ತೆ ಕಂಡಿಲ್ಲ.

ಬೆಳಿಗ್ಗೆ ಕಿಂಗ್ಸ್ ಸರ್ಕಲ್ ಕಡೆಯಿಂದ ಎದೆಮಟ್ಟದ ನೀರಲ್ಲಿ ನಡೆದು ಬಂದ ಚಿಕ್ಕಪ್ಪ, ಕೊನೆಗೆ ಮಂಚದಡಿ ಸಿಕ್ಕ ಡಬ್ಬಿಗಳಲ್ಲಿ ಕಾಲು ಮಡಚಿ ಬಿದ್ದ ಹುಳಗಳನ್ನು ಕಂಡು, "ಸತ್ತ ಹೊಲಸು ಮನೆಯಲ್ಲೇಕೆ?" ಎಂದು ಒಂದು ಡಬ್ಬಿಯನ್ನು ಗಟಾರಕ್ಕೆ ಸುರಿದೇಬಿಟ್ಟರು. ಅವರ ದಣಿವು ನನಗೆ ಅರ್ಥವಾಗುತ್ತದೆ. ಸುರಿದದ್ದನ್ನು ಮಾತ್ರ ಇಂದಿಗೂ ಕ್ಷಮಿಸಿಲ್ಲ. ಇನ್ನೊಂದನ್ನು ಕಸಿದುಕೊಂಡು ಮೇಲಿನ ಮನೆಯಲ್ಲಿ ಹಳೆ ಪೇಪರಿನ ಮೇಲೆ ಹರವಿದೆ. ಸಂಜೆ ಹೊತ್ತಿಗೆ ಒಂದರ ಮೀಸೆ ಅಲುಗಿತು, ಆಮೇಲೆ ಇನ್ನೊಂದರದ್ದು. ಎಲ್ಲವೂ ಏಳಲಿಲ್ಲ, ಎದ್ದವು ಮರುದಿನ ಮಾಂಸದ ಚೂರು ಕಚ್ಚಿದವು. ಆಮ್ಲಜನಕ ತಪ್ಪಿದ ಕೀಟ ಕೋಮಾಕ್ಕೆ ಜಾರುತ್ತದೆ, ಶಕ್ತಿಯ ವ್ಯಯ ತೀರಾ ಇಳಿಯುತ್ತದೆ. ಇವುಗಳ ಹತ್ತಿರದ ಸಂಬಂಧಿಗಳಾದ ಹುಲಿಜೀರುಂಡೆಗಳ ಮರಿಹುಳುಗಳು ಅಮೆಜಾನ್ ನೆರೆಬಯಲಿನಲ್ಲಿ ಮುಳುಗಿದ ಮಣ್ಣೊಳಗೆ ತಿಂಗಳುಗಟ್ಟಲೆ ಬದುಕಿರುತ್ತವೆ.

ಈ ಕೆಲಸಕ್ಕೆ ಇಳಿಯುವವರಿಗೆ: ಹುಳವಿಲ್ಲದ ನಳಿಕೆಯೊಂದನ್ನು ಪಕ್ಕದಲ್ಲಿಡಿ. ನಳಿಕೆಗಳನ್ನು ಬಕೆಟ್ ನೀರಲ್ಲಿ ಮುಳುಗಿಸಿ ಉಷ್ಣತೆ ಏರಿಳಿಯದಂತೆ ನೋಡಿಕೊಳ್ಳಿ, ಏಕೆಂದರೆ ಹತ್ತು ಡಿಗ್ರಿ ಏರಿದರೆ ಬಳಕೆ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಅಳೆಯುವ ಮುನ್ನ ಉಪವಾಸವಿಡಿ, ಜೀರ್ಣಕ್ರಿಯೆಯೂ ಆಮ್ಲಜನಕ ತಿನ್ನುತ್ತದೆ. ಹನಿ ನಿಂತ ನಿಮಿಷಗಳನ್ನು ಅಳಿಸಬೇಡಿ. ಅಲ್ಲಾಡದ ಹುಳವನ್ನು ಒಂದು ದಿನವಾದರೂ ಎಸೆಯಬೇಡಿ.

ನಾನು ಆ ಅಂಕಿಗಳನ್ನು ಅಳಿಸದೆ ಪ್ರಬಂಧ ಕೊಟ್ಟೆ. ಮಾರ್ಗದರ್ಶಕರು ಅಂಕ ಕಡಿದರು. ಹನಿ ನಿಂತಲ್ಲೆಲ್ಲ ಗ್ರಾಫಿನಲ್ಲಿ ಮೂಡಿದ ಆ ಮೆಟ್ಟಿಲುಗಳು ಇವತ್ತೂ ನನ್ನ ಪ್ರತಿಯಲ್ಲಿ ಹಾಗೆಯೇ ಇವೆ, ಯಾರು ಕೇಳಿದರೂ ತೋರಿಸುತ್ತೇನೆ.