ಕಬೀರವಡ: ಒಂದು ಸ್ಥಳೈತಿಹ್ಯದ ಓದು



ಒಂದು ಸ್ಥಳಕ್ಕೋ ವ್ಯಕ್ತಿಗೋ ಅಂಟಿಕೊಂಡು, ನಡೆದದ್ದೆಂದು ಜನರು ನಂಬಿ ಹೇಳುವ ಕಥೆಯನ್ನು ಐತಿಹ್ಯವೆನ್ನುತ್ತೇವೆ. ಅದನ್ನು ಓದುವ ಕ್ರಮವನ್ನು ನಾನು ಕಂಡುಬಂದ ಒಂದು ಮರದ ಮೂಲಕ ಇಲ್ಲಿ ವಿವರಿಸುತ್ತೇನೆ.

ಗುಜರಾತಿನ ಭರೂಚ್ ನಗರದ ಪೂರ್ವಕ್ಕೆ, ಶುಕ್ಲತೀರ್ಥದ ಸಮೀಪ, ನರ್ಮದೆಯ ನಡುವೆ ಒಂದು ನಡುಗಡ್ಡೆಯಿದೆ. ದೋಣಿಯಲ್ಲಿ ದಾಟಿ ಅಲ್ಲಿಗೆ ಹೋಗಬೇಕು. ಅಲ್ಲಿಯ ಆಲದ ಮರವೇ ಕಬೀರವಡ. ದೋಣಿಯಿಂದಿಳಿದ ನಾನು ಮೊದಲು ಹುಡುಕಿದ್ದು ಅದರ ಮೂಲ ಬುಡವನ್ನು. ಕಂಡದ್ದು ಕಾಂಡಗಳ ಸಾಲು. ಅವುಗಳಲ್ಲಿ ತಾಯಿಮರ ಯಾವುದು, ನೆಲಕ್ಕಿಳಿದು ಕಾಂಡವಾದ ಬಿಳಲು ಯಾವುದು ಎಂಬುದು ನನಗೆ ತಿಳಿಯಲಿಲ್ಲ.

ಈ ಮರದ ಬಗ್ಗೆ ಎರಡು ಕಥೆಗಳಿವೆ. ಜೀವಾ, ತತ್ವಾ ಎಂಬ ಸಹೋದರರು ಒಣಗಿದ ಆಲದ ಕೊಂಬೆಯೊಂದನ್ನು ನೆಟ್ಟು, ಯಾರ ಪಾದೋದಕದಿಂದ ಅದು ಚಿಗುರುವುದೋ ಅವರೇ ತಮ್ಮ ಗುರುವೆಂದು ನಿಶ್ಚಯಿಸಿದರು. ಕಬೀರರ ಪಾದೋದಕದಿಂದ ಕೊಂಬೆ ಚಿಗುರಿತು. ಇನ್ನೊಂದು ಕಥೆಯಂತೆ, ಕಬೀರರು ಹಲ್ಲುಜ್ಜಿ ಎಸೆದ ಕಡ್ಡಿಯೇ ಮರವಾಯಿತು. ಮೊದಲನೆಯದು ಗುರುವನ್ನು ಪರೀಕ್ಷಿಸುವ ಶಿಷ್ಯರ ಕಥೆ. ಎರಡನೆಯದರಲ್ಲಿ ಪರೀಕ್ಷೆಯೂ ಇಲ್ಲ, ಸಂಕಲ್ಪವೂ ಇಲ್ಲ. ಒಂದೇ ಮರ, ಎರಡು ಆಶಯ. ಪಾಠಾಂತರಗಳಲ್ಲಿ ಸರಿ-ತಪ್ಪನ್ನು ಹುಡುಕುವ ಮೊದಲು ಆಶಯಭೇದವನ್ನು ಗುರುತಿಸಿರಿ.

ಆಲದ ಹಸಿ ಕೊಂಬೆಯನ್ನು ತೇವದ ಮಣ್ಣಿನಲ್ಲಿ ನೆಟ್ಟರೆ ಬೇರು ಬಿಡುತ್ತದೆ. ರೈತರೆಲ್ಲರೂ ಬಲ್ಲ ಸಂಗತಿಯಿದು. ಆದ್ದರಿಂದಲೇ ಮೊದಲ ಕಥೆ ಕೊಂಬೆಯನ್ನು ಒಣಗಿಸಿದೆ. ಲೋಕಾನುಭವವನ್ನು ಆಧಾರವಾಗಿಟ್ಟುಕೊಂಡು, ಒಂದೇ ಒಂದು ಅಂಶವನ್ನು ಬದಲಿಸಿ ಐತಿಹ್ಯವು ಪವಾಡವನ್ನು ಕಟ್ಟುತ್ತದೆ.

ಲಿಖಿತ ದಾಖಲೆಯನ್ನೂ ಇದರೊಡನೆ ಇಟ್ಟು ನೋಡೋಣ. ಜೇಮ್ಸ್ ಫೋರ್ಬ್ಸ್ 1813ರಲ್ಲಿ ಪ್ರಕಟಿಸಿದ ತನ್ನ ಸ್ಮೃತಿಗ್ರಂಥದಲ್ಲಿ ಈ ಮರದ ಸುತ್ತಳತೆ ಸುಮಾರು 2000 ಅಡಿ, ದೊಡ್ಡ ಕಾಂಡಗಳು 350, ಸಣ್ಣವು 3000ಕ್ಕೂ ಹೆಚ್ಚು ಎಂದಿದ್ದಾನೆ. ನೆರೆ ಬಂದಾಗಲೆಲ್ಲ ಮರದ ಭಾಗಗಳು ಕೊಚ್ಚಿಹೋದುದನ್ನೂ ಹೇಳಿದ್ದಾನೆ. ಗುಜರಾತಿ ಕವಿ ನರ್ಮದ ಇದೇ ಮರವನ್ನು ಕುರಿತು ಕವಿತೆ ಬರೆದಿದ್ದಾನೆ. ಬೆಂಗಳೂರು ಬಳಿಯ ಕೇತೋಹಳ್ಳಿಯ ದೊಡ್ಡ ಆಲದ ಮರದ ಮೂಲಕಾಂಡವೂ ರೋಗದಿಂದ ನಾಶವಾಗಿದೆ. ಬಿಳಲುಗಳೇ ಅದನ್ನು ಹೊತ್ತು ನಿಂತಿವೆ.

ಮರಾಠಿ-ಕನ್ನಡ ಎರಡರಲ್ಲೂ ಶಾಲೆ ಕಲಿತ ನಾನು ಬಾಲ್ಯದಲ್ಲಿ ಒಂದೇ ಮರವನ್ನು ವಡವೆಂದೂ ಆಲವೆಂದೂ, ಅದರ ಇಳಿಬೇರನ್ನು ಪಾರಂಬಿಯೆಂದೂ ಬಿಳಲೆಂದೂ ಕರೆದವನು. "ಸರ್, ಮರಾಠಿ ಬೆರೆತ ನಮ್ಮ ಕನ್ನಡ ನಿಜವಾದ ಕನ್ನಡವೇ?" ಎಂದು ತರಗತಿಯಲ್ಲಿ ನಿಮ್ಮಲ್ಲೊಬ್ಬರು ಕೇಳಿದಾಗ ನಾನು ತೃಪ್ತಿಕರವಾದ ಉತ್ತರ ಕೊಡಲಿಲ್ಲ. ನಡುಗಡ್ಡೆಯಲ್ಲಿ ಆ ಪ್ರಶ್ನೆ ಮತ್ತೆ ನೆನಪಾಯಿತು. ಬಿಳಲು ತಾನಿಳಿದ ಮಣ್ಣಿನ ಸಾರವನ್ನೇ ಹೀರುತ್ತದೆ. ಆದರೆ ಅದು ಬೇರೆ ಮರವಾಗುವುದಿಲ್ಲ, ಮರದ ಭಾರವನ್ನು ಹೊರುತ್ತದೆ. ಅಪ್ಪ ನೆಟ್ಟ ಆಲದ ಮರವೆಂದು ನೇಣು ಹಾಕಿಕೊಳ್ಳಬಾರದೆಂಬ ಗಾದೆಯ ವಿವೇಕ ನಮಗಿರಲಿ. ಅದೇ ಮರಕ್ಕೆ ಹೊಸ ಬೇರಿಳಿಸುವ ಹೊಣೆಯೂ ನಮ್ಮದೇ.

ಅಭ್ಯಾಸ: ನಿಮ್ಮೂರಿನ ಒಂದು ಮರ, ಬಾವಿ ಅಥವಾ ಕಟ್ಟೆಯ ಐತಿಹ್ಯವನ್ನು ಇಬ್ಬರು ಹಿರಿಯರಿಂದ ಕೇಳಿ, ಅವರಾಡಿದ ಮಾತಿನಲ್ಲೇ ಬರೆದು ತನ್ನಿರಿ. ಬೆರೆತ ಮರಾಠಿ ಪದಗಳನ್ನು ತಿದ್ದಬೇಡಿರಿ.